ಅಟ್ಟದಲ್ಲಿ ಮಲಗಿದ ಅತಿಥಿ

ಕಠ್ಮಂಡುವಿನ ದಕ್ಷಿಣಕ್ಕೆ, ಪಾಟನ್ ದಾಟಿ ಸ್ವಲ್ಪ ದೂರ ಹೋದರೆ ಬುಂಗಮತಿ, ಖೋಕನಾ ಎಂಬ ನೇವಾರ ಊರುಗಳಿವೆ. ಆ ಕಡೆಯ ಹಳೆಯ ರೈತಮನೆಯೊಂದನ್ನು ಜೀರ್ಣೋದ್ಧಾರ ಮಾಡಿ ಅತಿಥಿಗಳಿಗೆ ಬಿಟ್ಟಿದ್ದಾರೆ. ಅಲ್ಲಿ ಎರಡು ರಾತ್ರಿ ಕಳೆದೆ. ಕೆಲಸ ಅಚ್ಚುಕಟ್ಟು. ಮೊಳ ದಪ್ಪದ ಇಟ್ಟಿಗೆ ಗೋಡೆಗೆ ಮಣ್ಣಿನದೇ ಗಾರೆ, ಸಾಲ್ ಮರದ ತೊಲೆ, ಮಾಡಿಗೆ ಝಿಂಗಟಿ ಹೆಂಚು. ಜಾಲರಿ ಕಿಟಕಿ ಕೆತ್ತಿದವರದು ಪಳಗಿದ ಕೈ. ಹೊಗಳಿಕೆ ಇಷ್ಟು ಸಾಕು. ನನ್ನ ತಕರಾರು ಬೇರೆ ಕಡೆ ಇದೆ.

ನೇವಾರ ಮನೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ನೆಲದ ಮಟ್ಟದ್ದು ಛೇಲಿ: ದನ, ಗುದ್ದಲಿ, ಗೊಬ್ಬರ. ಅದರ ಮೇಲೆ ಮಾತಾಂ, ಮಲಗುವ ಜಾಗ. ಇನ್ನೂ ಮೇಲೆ ಚೋತ, ಮನೆಮಂದಿ ಕೂಡುವ ಜಾಗ. ಎಲ್ಲಕ್ಕಿಂತ ಮೇಲೆ, ಮಾಡಿನಡಿ, ಬೈಗ: ಒಲೆ ಮತ್ತು ದೇವರು. ನಮ್ಮಲ್ಲಿ ಅಟ್ಟವೆಂದರೆ ಒಡೆದ ಪಾತ್ರೆ, ಹಳೆಯ ತೊಟ್ಟಿಲು ಸೇರುವ ಮೂಲೆ. ಅಲ್ಲಿ ಅದೇ ಮನೆಯ ಗರ್ಭಗುಡಿ. ಅಣ್ಣತಮ್ಮಂದಿರು ಪಾಲಾದಾಗ ಮನೆಯನ್ನು ಮಹಡಿಯ ಲೆಕ್ಕದಲ್ಲಿ ಹಂಚದೆ ಮೇಲಿನಿಂದ ಕೆಳಕ್ಕೆ ಸೀಳುವುದೂ ಇದಕ್ಕೇ. ಪ್ರತಿ ಪಾಲಿಗೂ ಒಂದು ಬೈಗ ಬೇಕಲ್ಲ. ಹೊರಗಿನವರು ಎಷ್ಟು ಮೆಟ್ಟಿಲು ಏರಬಹುದು ಎಂಬುದನ್ನು ನಂಟು ಮತ್ತು ಜಾತಿ ತೀರ್ಮಾನಿಸುತ್ತಿದ್ದವು. ಮುಟ್ಟಬಾರದವರು ಎನಿಸಿಕೊಂಡವರಿಗೆ ಕೆಳಮನೆಯೇ ಕೊನೆ.

ಈಗ ದನದ ಜಾಗದಲ್ಲಿ ಊಟದ ಮೇಜುಗಳಿವೆ. ಬೈಗದಲ್ಲಿ ಅತಿಥಿಯ ಹಾಸಿಗೆ, ಗುಡ್ಡ ಕಾಣಲೆಂದು ದೊಡ್ಡದು ಮಾಡಿದ ಕಿಟಕಿ. ಅತ್ಯಂತ ದುಬಾರಿ ಕೋಣೆ ಅದೇ. ಅಕ್ಷರ ಒಂದೂ ಬಿಡದೆ ನಕಲು ಮಾಡಿ, ಅಧ್ಯಾಯಗಳನ್ನು ತಲೆಕೆಳಗು ಜೋಡಿಸಿದ ಪುಸ್ತಕದಂತಾಯಿತು. ಗೋಡೆಯ ಬರಹವೊಂದು ಇದನ್ನು 'ಅಪ್ಪಟ ರೈತ ಬದುಕು' ಎನ್ನುತ್ತದೆ, ಹೊಲದ ನಡುವಿನ ಏಕಾಂತವನ್ನು ಕೊಂಡಾಡುತ್ತದೆ. ಈ ಕಣಿವೆಯ ಜ್ಯಾಪು ರೈತರು ಏಕಾಂತ ಬಯಸಿದವರೇ ಅಲ್ಲ. ಫಲವತ್ತಾದ ನೆಲ ಉಳಿಯಲೆಂದು ಗೋಡೆಗೆ ಗೋಡೆ ತಾಗಿಸಿ ಊರು ಕಟ್ಟಿದವರು, ಬೆಳಗಾದರೆ ಹೊಲಕ್ಕೆ ನಡೆದುಹೋಗುತ್ತಿದ್ದವರು.

ಹಾಗಾದರೆ ಹಳೆಯ ಕ್ರಮವನ್ನೇ ಉಳಿಸಬೇಕಿತ್ತೇ? ಜಾತಿಯ ಮೆಟ್ಟಿಲುಗಳನ್ನೂ ಸೇರಿಸಿ? ಇಲ್ಲ. ಅದು ಹೋದದ್ದು ಒಳ್ಳೆಯದೇ ಆಯಿತು. ಆದರೆ ಹೋಯಿತು ಎಂದು ಹೇಳಬೇಕಲ್ಲವೇ? ಏನನ್ನೂ ಹೇಳದೆ ಕೆತ್ತನೆಯನ್ನಷ್ಟೇ ತೋರಿಸಿದರೆ ಆ ಮನೆಯಲ್ಲಿ ಯಾರೂ ಬಾಗಿಲ ಹೊರಗೆ ನಿಂತಿರಲೇ ಇಲ್ಲ ಎಂದಂತಾಗುತ್ತದೆ. ಮನೆಯವರು ಬಿಟ್ಟುಹೋದ ಕಥೆಗೂ ಅಲ್ಲಿ ಜಾಗವಿಲ್ಲ. 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪವಾದಾಗ ಬುಂಗಮತಿಯ ಮಚ್ಛೀಂದ್ರನಾಥನ ಗುಡಿಯೇ ಕುಸಿಯಿತು. ಮಣ್ಣಿನ ಗಾರೆಯ ಮನೆಗಳು ಸಾಲುಸಾಲಾಗಿ ಬಿದ್ದವು. ಆಮೇಲೆ ಸಿಮೆಂಟಿನ ಮನೆ ಕಟ್ಟಿಕೊಂಡವರನ್ನು 'ಪರಂಪರೆ ಕೆಡಿಸಿದರು' ಎಂದು ದೂರುವ ಪ್ರವಾಸ ಬರಹಗಳನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬರೆದವರು ಮಣ್ಣಿನ ಗೋಡೆಯ ಕೆಳಗೆ ಎರಡು ರಾತ್ರಿ ಮಲಗಿದ್ದವರು. ನನ್ನ ಹಾಗೆ.

ಅಡುಗೆಯ ದೀದಿ ಪಕ್ಕದ ಓಣಿಯ ಸಿಮೆಂಟಿನ ಮನೆಯವರು. ಎರಡನೆಯ ಬೆಳಿಗ್ಗೆ ಚಹಾ ತಂದವರು ಕಡಿದಾದ ಏಣಿಯ ಕೊನೆಯ ಮೆಟ್ಟಿಲಲ್ಲೇ ನಿಂತು ಲೋಟವನ್ನು ಮೇಲಕ್ಕೆ ಚಾಚಿದರು. ಒಳಗೆ ಬನ್ನಿ ಎಂದೆ. ನಕ್ಕು, ಹಿಂದಿಯಲ್ಲಿ, "ನಮ್ಮಜ್ಜಿ ಇದ್ದಿದ್ದರೆ ನಿಮ್ಮನ್ನು ಇಲ್ಲಿಗೆ ಹತ್ತಗೊಡುತ್ತಿರಲಿಲ್ಲ" ಎಂದರು. ಚಪ್ಪಲಿ ಕೆಳಗೇ ಬಿಟ್ಟು ಬಂದಿದ್ದರು. ನನ್ನವು ಮಂಚದ ಪಕ್ಕದಲ್ಲಿದ್ದವು.