ಡೈರೆಕ್ಟ್-ಇನ್‌ಡೈರೆಕ್ಟ್ ಎಂಬ ಕವಾಯತು

ಪುಣೆಯ ಯೆರವಡಾದ ಐಟಿ ಪಾರ್ಕುಗಳಲ್ಲಿ ಗ್ರಾಹಕರ ಕರೆ ತೆಗೆದುಕೊಳ್ಳುವವರಿಗೆ ಮಾತು ಮುಗಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಗ್ರಾಹಕ ಏನು ಕೇಳಿದ ಎಂಬುದನ್ನು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದಿಡಬೇಕು. ಕಲಬುರಗಿ, ವಿಜಯಪುರದ ಕಡೆಯಿಂದ ಹೋದ ಹುಡುಗ ಇದನ್ನೇ ಶಾಲೆಯಲ್ಲಿ ‘ಡೈರೆಕ್ಟ್-ಇನ್‌ಡೈರೆಕ್ಟ್’ ಎಂದು ಅಂಕಕ್ಕಾಗಿ ಉರು ಹೊಡೆದಿರುತ್ತಾನೆ. ಆದರೂ ಅವನ ಕೈಗೆ ಸುಲಭವಾಗಿ ಬರುವುದು ಇದು: ‘ಕಸ್ಟಮರ್ ಆಸ್ಕ್ಡ್ ದಟ್ ವೆನ್ ವಿಲ್ ಐ ಗೆಟ್ ಮೈ ರಿಫಂಡ್’. ಹಣ ಬರಬೇಕಾದದ್ದು ಗ್ರಾಹಕನಿಗೋ ಬರೆದವನಿಗೋ?

ಇದನ್ನು ಉಡಾಫೆ ಎಂದು ಬೈಯುವುದು ತಪ್ಪು. ಕನ್ನಡದಲ್ಲಿ ‘ನನ್ನ ರೊಕ್ಕ ಯಾವಾಗ ಬರ್ತದ ಅಂತ ಕೇಳಿದ್ರು’ ಎನ್ನುತ್ತೇವೆ. ಆಡಿದ ಮಾತನ್ನು ಇದ್ದಂತೆಯೇ ಇಟ್ಟು ‘ಅಂತ’ ಸೇರಿಸಿದರೆ ಆಯಿತು. ಸರ್ವನಾಮ, ಕಾಲ, ಪದಗಳ ಕ್ರಮ ಯಾವುದೂ ಕದಲಬೇಕಿಲ್ಲ. ಇಂಗ್ಲಿಷು ಮೂರನ್ನೂ ಕದಲಿಸುತ್ತದೆ: ‘ಆಸ್ಕ್ಡ್ ವೆನ್ ಹಿ ವುಡ್ ಗೆಟ್ ಹಿಸ್ ರಿಫಂಡ್’. ಹುಡುಗ ಬರೆದ ಆ ‘ದಟ್’ ನಮ್ಮ ‘ಅಂತ’ವೇ.

ನಮ್ಮ ತರಗತಿಗಳು ಮೂರು ಬದಲಾವಣೆಗಳನ್ನೂ ಒಂದೇ ಏಟಿಗೆ ತಲೆಯ ಮೇಲೆ ಹೊರಿಸುತ್ತವೆ. ಸಾಲದ್ದಕ್ಕೆ ‘ಟುಡೇ’ ಇದ್ದರೆ ‘ದಟ್ ಡೇ’, ‘ಹಿಯರ್’ ಇದ್ದರೆ ‘ದೇರ್’ ಎಂಬ ಪಟ್ಟಿ. ಬೆಳಿಗ್ಗೆ ಕೇಳಿದ್ದನ್ನು ಅದೇ ಮಧ್ಯಾಹ್ನ ವರದಿ ಮಾಡುವವನು ‘ದಟ್ ಡೇ’ ಎಂದರೆ ಓದುವವರು ಕ್ಯಾಲೆಂಡರ್ ನೋಡಬೇಕಾದೀತು. ರೆನ್ ಮತ್ತು ಮಾರ್ಟಿನ್ ಅವರ ಇಂಗ್ಲಿಷ್ ವ್ಯಾಕರಣ ಪುಸ್ತಕವನ್ನು ಇದಕ್ಕೆ ದೂರುವುದು ನ್ಯಾಯವಲ್ಲ. ಅಲ್ಲಿ ಪಟ್ಟಿಯ ಜೊತೆಗೇ ವಿನಾಯಿತಿಯೂ ಇದೆ. ಕರಿಹಲಗೆಗೆ ಬರುವಷ್ಟರಲ್ಲಿ ವಿನಾಯಿತಿ ಉದುರಿ ಪಟ್ಟಿಯಷ್ಟೇ ಉಳಿಯುತ್ತದೆ, ಏಕೆಂದರೆ ಪಟ್ಟಿಗೆ ಅಂಕ ಹಾಕುವುದು ಸುಲಭ.

ಇದಕ್ಕಿಂತ ಹತ್ತಿರದ ದಾರಿಯೊಂದು ಕನ್ನಡದಲ್ಲೇ ಇದೆ. ‘ಅವನು ಎಲ್ಲಿದ್ದಾನೋ ಗೊತ್ತಿಲ್ಲ’ ಎನ್ನುವಾಗ ನಾವು ಯಾರನ್ನೂ ಪ್ರಶ್ನಿಸುತ್ತಿಲ್ಲ; ಆ ‘ಓ’ ಪ್ರಶ್ನೆಯನ್ನು ಮಾತಿನ ಒಂದು ಭಾಗವಾಗಿಸಿದೆ. ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವುದು ಪದಗಳ ಕ್ರಮ: ‘ಐ ಡೋಂಟ್ ನೋ ವೇರ್ ಹಿ ಈಸ್’. ಇಲ್ಲಿ ಕಾಲವೂ ಬದಲಾಗಿಲ್ಲ, ಸರ್ವನಾಮವೂ ಬದಲಾಗಿಲ್ಲ. ‘ವೇರ್ ಈಸ್ ಹಿ’ ಹೋಗಿ ‘ವೇರ್ ಹಿ ಈಸ್’ ಆಯಿತು, ಅಷ್ಟೇ. ‘ಬಂದನೋ ಇಲ್ಲವೋ’ ಎಂಬಲ್ಲಿ ‘ವೆದರ್’ ಬರುತ್ತದೆ. ಇಷ್ಟು ನಾಲಿಗೆಗೆ ಹತ್ತಿದ ಮೇಲೆ ‘ಹಿ ಆಸ್ಕ್ಡ್’ ಸೇರಿಸಿ ಕಾಲದ ಮಾತಿಗೆ ಹೋಗಬಹುದು. ಪಾಠಪುಸ್ತಕಗಳು ನಡೆಯುವುದು ಇದಕ್ಕೆ ತೀರಾ ತಿರುಗುಮುರುಗಾಗಿ.

ವಿಪರ್ಯಾಸವೆಂದರೆ ಅದೇ ಯೆರವಡಾದಲ್ಲಿ ಡೆಕ್ಕನ್ ಕಾಲೇಜಿದೆ. 1939ರಲ್ಲಿ ಸಂಶೋಧನಾ ಸಂಸ್ಥೆಯಾದ ಅದು 1958ರಲ್ಲಿ ಆಡುಗನ್ನಡವನ್ನು ಕುರಿತ ಭಾಷಾವಿಜ್ಞಾನಿ ವಿಲಿಯಂ ಬ್ರೈಟ್ ಅವರ ಪುಸ್ತಕವನ್ನು ಹೊರತಂದಿತು. ಕನ್ನಡ ವ್ಯಾಕರಣದ ವಿದ್ವಾಂಸ ಡಿ.ಎನ್. ಶಂಕರ ಭಟ್ಟರು ಭಾಷಾವಿಜ್ಞಾನ ಓದಿದ್ದೂ ಅಲ್ಲೇ. ಕನ್ನಡ ವಾಕ್ಯ ಹೇಗೆ ಕಟ್ಟಿಕೊಳ್ಳುತ್ತದೆ ಎಂಬ ತಿಳಿವಳಿಕೆಗೆ ಬರವಿಲ್ಲ. ಇಂಗ್ಲಿಷ್ ಮೇಷ್ಟ್ರ ನೋಟ್ಸಿಗೆ ಮಾತ್ರ ಅದು ಇಳಿದು ಬಂದಿಲ್ಲ.

ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಉದ್ಧರಣ ಚಿಹ್ನೆಯೊಳಗಿನ ಒಂಟಿ ವಾಕ್ಯವನ್ನು ಕೊಟ್ಟು ‘ಬದಲಿಸಿ ಬರೆಯಿರಿ’ ಎನ್ನುವುದನ್ನು ಬಿಡಿ. ಒಬ್ಬ ಕೇಳಲಿ, ಇನ್ನೊಬ್ಬ ಉತ್ತರಿಸಲಿ, ಮೊದಲನೆಯವನು ಏನು ಕೇಳಿದ ಎಂಬುದನ್ನು ಮೂರನೆಯವನು ಬರೆಯಲಿ.