ಸ್ಫೂರ್ತಿ ಮತ್ತು ಅಭಿರುಚಿ

ಸಾಹಿತಿಯನ್ನು ಸಭೆಗೆ ಕರೆದಾಗ, ಭಾಷಣ ಮುಗಿದು ವಂದನಾರ್ಪಣೆಗೆ ಮುನ್ನ, ಒಂದು ಪ್ರಶ್ನೆ ಬಂದೇ ಬರುತ್ತದೆ: "ತಮಗೆ ಬರೆಯಲು ಸ್ಫೂರ್ತಿ ಎಲ್ಲಿಂದ ದೊರೆಯುತ್ತದೆ?" ಸಾಹಿತಿ ಒಂದು ಕ್ಷಣ ಮೇಲೆ ನೋಡುತ್ತಾನೆ; ಬಳಿಕ ಬೆಟ್ಟ, ಹೊಳೆ, ತಾಯಿ, ಹುಟ್ಟಿದ ಊರು, ಇವುಗಳಲ್ಲಿ ಒಂದನ್ನು ಹೆಸರಿಸುತ್ತಾನೆ. ಕೇಳಿದವರಿಗೂ ಸಂತೋಷ, ಹೇಳಿದವನಿಗೂ ಸಂತೋಷ. ನಾನೂ ಇಂಥ ಉತ್ತರಗಳನ್ನು ಕೊಟ್ಟವನೇ. ಆದರೆ ಈಚೆಗೆ ಆ ಉತ್ತರ ನನಗೇ ಸಾಲದೆಂದು ತೋರುತ್ತಿದೆ. ಬೆಟ್ಟವನ್ನು ನೋಡಿದವರೆಲ್ಲ ಕವಿಗಳಾಗುವುದಿಲ್ಲ; ಒಂದೇ ಬೆಟ್ಟವನ್ನು ನೋಡಿದ ಇಬ್ಬರು ಒಂದೇ ಬಗೆಯ ಕೃತಿಯನ್ನು ರಚಿಸುವುದೂ ಇಲ್ಲ.

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರಿಗೆಲ್ಲ ರಾಮನಗರದ ಬಂಡೆಗಳು ಪರಿಚಿತ. ಅವುಗಳ ನಡುವೆ ಒಂದು ಹಳ್ಳಿಯನ್ನೇ ಕಟ್ಟಿ ರಮೇಶ್ ಸಿಪ್ಪಿ 'ಶೋಲೆ'ಯನ್ನು ಚಿತ್ರೀಕರಿಸಿದರು. ಅದು 1975ರಲ್ಲಿ ತೆರೆ ಕಂಡಿತು. ಕೆಲವು ವರ್ಷಗಳ ಮೇಲೆ ಇಂಗ್ಲೆಂಡಿನ ಡೇವಿಡ್ ಲೀನ್ ಇದೇ ಸೀಮೆಗೆ ಬಂದ. ಇ.ಎಂ. ಫಾರ್ಸ್ಟರ್ 1924ರಲ್ಲಿ ಪ್ರಕಟಿಸಿದ 'ಎ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿಯ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಗುಡ್ಡಗಳು. ಲೀನನಾದರೋ 1984ರ ತನ್ನ ಚಿತ್ರಕ್ಕೆ ಮಾಗಡಿ ಸೀಮೆಯ ಸಾವನದುರ್ಗವನ್ನು ಆರಿಸಿಕೊಂಡ. ಒಬ್ಬರಿಗೆ ಈ ಕಲ್ಲು ದರೋಡೆಕೋರರ ಅಡಗುತಾಣ. ಇನ್ನೊಬ್ಬರಿಗೆ ಪರದೇಶಿಯ ಬುದ್ಧಿಗೆ ನಿಲುಕದ ಭಾರತದ ಮೌನ. ರಾಮದೇವರ ಬೆಟ್ಟದ ಮೆಟ್ಟಿಲು ಹತ್ತುವ ಭಕ್ತನಿಗೆ ಅದು ಇವೆರಡೂ ಅಲ್ಲ. ಬಂಡೆ ಯಾರ ಕಿವಿಯಲ್ಲೂ ಏನನ್ನೂ ಉಸುರಲಿಲ್ಲ. ಬಂದವರೇ ತಮಗೆ ಬೇಕಾದುದನ್ನು ಆಯ್ದುಕೊಂಡು ಹೋದರು.

ಈ ಆಯ್ಕೆಯೇ ಮುಖ್ಯವೆಂದು ನನ್ನ ನಂಬಿಕೆ. ಕಾವ್ಯಕ್ಕೆ ಹುಟ್ಟುಶಕ್ತಿಯೊಂದೇ ಸಾಲದು. ಲೋಕಶಾಸ್ತ್ರಗಳ ಪರಿಚಯದಿಂದ ಬರುವ ನಿಪುಣತೆ, ಬಲ್ಲವರಿಂದ ಕಲಿತ ಅಭ್ಯಾಸ, ಈ ಮೂರೂ ಕೂಡಿಯೇ ಕಾರಣವಾಗುತ್ತವೆ ಎಂದು ಮಮ್ಮಟ ಬಹಳ ಹಿಂದೆಯೇ ಹೇಳಿದ್ದಾನೆ. ಸ್ಫೂರ್ತಿ ಧಾರಾಳಿ, ಬೇಕಾದುದನ್ನೂ ಬೇಡವಾದುದನ್ನೂ ಒಟ್ಟಿಗೆ ತಂದು ಸುರಿಯುತ್ತದೆ. ಯಾವುದನ್ನು ಇಟ್ಟುಕೊಳ್ಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳುವುದು ಅಭಿರುಚಿ.

ಇದನ್ನು ಕಣ್ಣಾರೆ ಕಾಣಬೇಕಾದರೆ ಚನ್ನಪಟ್ಟಣದ ಬೊಂಬೆಯ ಕೆಲಸಗಾರನ ಬಳಿ ಅರ್ಧ ಗಂಟೆ ನಿಲ್ಲಬೇಕು. ಆಲೆಮರದ ತುಂಡು ಗಿರ್ರನೆ ತಿರುಗುತ್ತಿರುತ್ತದೆ. ಉಳಿ ತಾಕಿದಲ್ಲಿ ಮರ ಸುರುಳಿಸುರುಳಿಯಾಗಿ ಬಿಚ್ಚಿಕೊಂಡು, ಬೊಂಬೆಯ ಕತ್ತು ಸಣ್ಣಗಾಗುತ್ತ ಬರುತ್ತದೆ. ಇನ್ನೊಂದು ಎಳೆ ತೆಗೆದರೆ ಕತ್ತು ಮುರಿದೀತು; ಒಂದು ಎಳೆ ಬಿಟ್ಟರೆ ಬೊಂಬೆ ಮೊದ್ದಾದೀತು. ಅವನು ಅಳೆದು ನೋಡುವುದಿಲ್ಲ. ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿ ಹಿಡಿದರೆ ಹೊಳಪು. ಅವನಿಗೆ ಸ್ಫೂರ್ತಿಯ ಮಾತು ಕೇಳಿದರೆ ನಕ್ಕಾನು. ಆದರೆ ಆ ಕೈ ಹಿಂದಕ್ಕೆ ಬಂದ ಕ್ಷಣವಿದೆಯಲ್ಲ, ಕಲೆ ಇರುವುದು ಅಲ್ಲಿ.

ಅಲ್ಲಿ ಇನ್ನೊಂದನ್ನೂ ಗಮನಿಸಿದೆ. ಈಚಿನ ಬೊಂಬೆಗಳಲ್ಲಿ ಎಷ್ಟೋ ಹಳೆಯವುಗಳಂತೆ ಕಣ್ಣು ಕುಕ್ಕುವುದಿಲ್ಲ. ಅರಿಶಿನದ ಹಳದಿ, ನೀಲಿಯ ಗಿಡದ ನೀಲಿ, ಹೀಗೆ ಸಸ್ಯಮೂಲದ ತಿಳಿಬಣ್ಣಗಳನ್ನು ನಗರದ ಗಿರಾಕಿಗಳು ಬಯಸುತ್ತಾರೆ; ಕೆಲಸಗಾರ ಹಾಗೆಯೇ ಮಾಡಿಕೊಡುತ್ತಾನೆ. ಅಂದರೆ ಆ ಬೊಂಬೆಯಲ್ಲಿ ಅವನ ಅಭಿರುಚಿಯಷ್ಟೇ ಅಲ್ಲ, ನಮ್ಮ ಅಭಿರುಚಿಯೂ ಸೇರಿಕೊಂಡಿದೆ. ಸಾಹಿತ್ಯದಲ್ಲೂ ವಾಚಕರಾದ ನಾವು ಇಂಥ ಗಿರಾಕಿಗಳೇ. ನಮ್ಮ ಬಯಕೆ ಎಲ್ಲಿಂದ ಬಂತೆಂದು ನಾವು ಎಂದಾದರೂ ಕೇಳಿಕೊಂಡಿದ್ದೇವೆಯೆ?

ನಾನು ಕೇಳಿಕೊಂಡಿರಲಿಲ್ಲ, ಕೇಳಿಕೊಳ್ಳುವಂತೆ ಮಾಡಿದ್ದು ಸಿದ್ಧಲಿಂಗಯ್ಯನವರ ಬರವಣಿಗೆ. ಅವರು ಹುಟ್ಟಿದ್ದು 1954ರಲ್ಲಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ಲೀನ್ ಮೆಚ್ಚಿದ ಸಾವನದುರ್ಗ ಅಲ್ಲಿಗೆ ದೂರವಲ್ಲ, ಪಕ್ಕದಲ್ಲೇ ಅರ್ಕಾವತಿ. 'ಶೋಲೆ' ತೆರೆ ಕಂಡ ವರ್ಷವೇ, 1975ರಲ್ಲಿ, ಅವರ ಮೊದಲ ಕವನ ಸಂಗ್ರಹ 'ಹೊಲೆಮಾದಿಗರ ಹಾಡು' ಪ್ರಕಟವಾಯಿತು. ಆ ಹಾಡುಗಳನ್ನು ಜನ ಪುಸ್ತಕದಲ್ಲಿ ಓದಿದ್ದಕ್ಕಿಂತ ಮೆರವಣಿಗೆಗಳಲ್ಲಿ ಹಾಡಿದ್ದೇ ಹೆಚ್ಚು. ಅದರಲ್ಲಿ ಸಿಟ್ಟಿದೆ, ಕೂಗಿದೆ, ಯಾರನ್ನೂ ಮೆಚ್ಚಿಸುವ ಹಂಬಲವಿಲ್ಲ. ಎರಡು ದಶಕಗಳ ಮೇಲೆ, 1990ರ ದಶಕದಲ್ಲಿ, ಆತ್ಮಕಥೆ 'ಊರು ಕೇರಿ'ಯ ಮೊದಲ ಭಾಗ ಬಂತು. ಬರೆದವರು ಅವರೇ, ದನಿ ಮಾತ್ರ ಬೇರೆ.

ಆ ಪುಸ್ತಕದ ಆರಂಭದಲ್ಲೇ ಒಂದು ದೃಶ್ಯ ಬರುತ್ತದೆ. ಹುಡುಗನೊಬ್ಬ ಹೊಲದ ಕಡೆ ನೋಡುತ್ತಿದ್ದಾನೆ. ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ. ಹಿಂದೆ ಮತ್ತೊಬ್ಬ ನೇಗಿಲು ಹಿಡಿದು ಉಳುತ್ತಿದ್ದಾನೆ. ಹುಡುಗನಿಗೆ ಅದು ತಮಾಷೆಯಾಗಿ ಕಾಣುತ್ತದೆ. ನೊಗ ಹೊತ್ತವರಲ್ಲಿ ಒಬ್ಬರು ಅವನ ತಂದೆ. ಇಷ್ಟನ್ನು ಹೇಳಿ ಲೇಖಕರು ಮುಂದೆ ಹೋಗಿಬಿಡುತ್ತಾರೆ. ಶಾಪವಿಲ್ಲ, ವ್ಯಾಖ್ಯಾನವಿಲ್ಲ. ಪುಸ್ತಕದ ಉದ್ದಕ್ಕೂ ಹಸಿವೂ ಅವಮಾನವೂ ನಗುವಿನ ಜೊತೆಯಲ್ಲೇ ಬರುತ್ತವೆ. ಈ ನಗುವಿನಲ್ಲಿ ಬಡವರ ಶಕ್ತಿಯನ್ನು ಕಂಡು ತೋರಿಸಿದವರು ವಿಮರ್ಶಕ ಡಿ.ಆರ್. ನಾಗರಾಜ್.

'ಊರು ಕೇರಿ'ಯೇ ಮೇಲು, ಹಾಡುಗಳು ಕಾಲದ ಅಗತ್ಯ ಮಾತ್ರ ಎಂದು ನಾನು ಬಹಳ ಕಾಲ ಹೇಳಿಕೊಂಡು ಬಂದೆ. ಸಂಯಮವೇ ಕಲೆ, ಕೂಗು ಕಲೆಯಲ್ಲ ಎಂಬ ಸೂತ್ರವೂ ಕೈಯಲ್ಲಿತ್ತು. ಒಮ್ಮೆ ಹೀಗೆಯೇ ಹೇಳುತ್ತಿರುವಾಗ, ತಾರುಣ್ಯದಲ್ಲಿ ಆ ಹಾಡುಗಳನ್ನು ಬೀದಿಯಲ್ಲಿ ಹಾಡಿದ್ದ ಸ್ನೇಹಿತರೊಬ್ಬರು ಸಾವಧಾನವಾಗಿ ಕೇಳಿದರು: "ಸ್ವಾಮಿ, ಆ ಪುಸ್ತಕ ನಿಮಗೆ ಹಿಡಿಸಿದ್ದು ಅದು ಚೆನ್ನಾಗಿದೆಯೆಂದೋ, ಅದು ನಿಮ್ಮನ್ನು ಬೈಯುವುದಿಲ್ಲವೆಂದೋ?"

ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಎರಡು ಪುಸ್ತಕಗಳನ್ನೂ ಮತ್ತೆ ತೆರೆದೆ. ಹಾಡುಗಳಲ್ಲಿ ನಾನು ದೋಷವೆಂದಿದ್ದ ಪುನರುಕ್ತಿ ಒಬ್ಬನೇ ಕುಳಿತು ಓದುವವನಿಗೆ ದೋಷ. ನೂರು ಕಂಠಗಳು ಒಟ್ಟಿಗೆ ಎತ್ತಿಕೊಳ್ಳುವಾಗ ಅದೇ ತಾಳ. ತಮಟೆಯನ್ನು ವೀಣೆಯ ಶ್ರುತಿಯಿಂದ ಅಳೆದಿದ್ದೆ. ಹಾಗೆಂದು ಎಲ್ಲ ಹಾಡುಗಳನ್ನೂ ಒಪ್ಪಿಬಿಟ್ಟೆನೆಂದಲ್ಲ. ಕೆಲವು ಕಡೆ ಘೋಷಣೆ ಮುಗಿದ ಮೇಲೆ ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ ಎಂಬುದನ್ನು ಇಂದೂ ಹೇಳುತ್ತೇನೆ. ಕೂಗಿದ್ದಕ್ಕಾಗಿ ಅವು ಸೋತವೆಂದು ಮಾತ್ರ ಇನ್ನು ಹೇಳಲಾರೆ.

'ಊರು ಕೇರಿ'ಯ ವಿಷಯದಲ್ಲಿ ನನ್ನ ತಪ್ಪು ಇನ್ನೂ ದೊಡ್ಡದು. ನೊಗದ ದೃಶ್ಯವನ್ನು ನಾನು ಮಗುವಿನ ಮುಗ್ಧತೆಯೆಂದು ಓದಿ ಮೆಚ್ಚಿದ್ದೆ. ಈ ಸಲ ಓದುವಾಗ ಅಲ್ಲಿಯ ಮೌನ ತಡೆಯಲಾರದ್ದಾಯಿತು. ಲೇಖಕರು ಸಿಟ್ಟಾಗಿದ್ದರೆ, ನಾನೂ ಅವರ ಜೊತೆ ಸಿಟ್ಟಾಗಿ, ಯಾರೋ ಒಬ್ಬ ಜಮೀನುದಾರನನ್ನು ಬೈದು ಹಗುರಾಗಬಹುದಿತ್ತು. ಅವರು ಆ ಅವಕಾಶವನ್ನೇ ಕೊಡಲಿಲ್ಲ. ಕೂಗಿದವನೆದುರು ಕಿವಿ ಮುಚ್ಚಿಕೊಳ್ಳಬಹುದು; ಮೆಲ್ಲಗೆ ಹೇಳಿದ ಮಾತು ಮನೆಯೊಳಗೆ ಬಂದು ಕೂರುತ್ತದೆ. ಬೊಂಬೆ ಕಡೆಯುವವನ ಕೈ ಹಿಂದಕ್ಕೆ ಬಂದಂತೆ ಇಲ್ಲಿ ಲೇಖನಿ ಹಿಂದಕ್ಕೆ ಬಂದಿದೆ. ಅದನ್ನು ನಾನು ಕ್ಷಮೆಯೆಂದು ತಿಳಿದಿದ್ದೆ.

ಈಗಲೂ ನನಗೆ ಆ ಗದ್ಯವೇ ಹೆಚ್ಚು. ತೀರ್ಪು ಬದಲಾಗಲಿಲ್ಲ, ಕಾರಣ ಬದಲಾಯಿತು. ಮೊದಲಿನ ಮೆಚ್ಚುಗೆಯಲ್ಲಿ ನನ್ನ ನೆಮ್ಮದಿಯ ಪಾಲು ಬಹಳವಿತ್ತು. ಅವರವರ ರುಚಿ ಅವರವರಿಗೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ರುಚಿ ಸ್ವಂತದ್ದು, ನಿಜ; ಆದರೆ ಅದರಲ್ಲಿ ನಮ್ಮ ಮನೆ, ಬೀದಿ, ಜಾತಿ, ನಾವು ಕೂತ ಕುರ್ಚಿ, ಎಲ್ಲವೂ ಸೇರಿರುತ್ತವೆ. ಸೃಷ್ಟಿಸುವವನಿಗಿರುವಂತೆ ಸವಿಯುವವನಿಗೂ ಒಂದು ಪ್ರತಿಭೆಯುಂಟೆಂದು ರಾಜಶೇಖರ ಹೇಳುತ್ತಾನೆ. ಒಂದು ಕಾರಯಿತ್ರಿ, ಮತ್ತೊಂದು ಭಾವಯಿತ್ರಿ. ಪ್ರತಿಭೆಯ ಗೌರವ ನಮಗೂ ಬೇಕಾದರೆ ಅದರ ಅಭ್ಯಾಸದ ಕಷ್ಟವೂ ನಮ್ಮದೇ ಆಗಬೇಕು.

ಸಿದ್ಧಲಿಂಗಯ್ಯನವರು 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, 2021ರಲ್ಲಿ ತೀರಿಕೊಂಡರು. ಮಂಚನಬೆಲೆಯ ಆ ಹೊಲದಲ್ಲಿ ನೊಗ ಹೊತ್ತವರನ್ನು ಕಂಡವನು ಆ ಹುಡುಗನೊಬ್ಬನೇ ಇರಲಾರ. ದಾರಿಯಲ್ಲಿ ಹೋಗುವವರು ಹಲವರು ನೋಡಿರಬೇಕು, ನೋಡಿ ತಮ್ಮ ಕೆಲಸಕ್ಕೆ ನಡೆದಿರಬೇಕು. ಮೊದಲ ಸಲ ಆ ಪುಟವನ್ನು ಓದಿ, ಮುಗುಳ್ನಕ್ಕು, ಮುಂದಿನ ಪುಟ ತಿರುವಿದ ನಾನೂ ಆ ದಾರಿಹೋಕರಲ್ಲಿ ಒಬ್ಬನಾಗಿದ್ದೆ.