ಅಧ್ಯಾಪಕರಿಗೆ ಅಂಕ: ವಿದ್ಯಾರ್ಥಿಗಳ ಹಿಮ್ಮಾಹಿತಿ ಅಳೆಯುವುದೇನನ್ನು?

ಸೆಮಿಸ್ಟರಿನ ಕೊನೆಯ ವಾರ. ಪಾಠ ಮುಗಿದಿದೆ, ಪರೀಕ್ಷೆ ಇನ್ನೂ ಬಂದಿಲ್ಲ. ಆಗ ನಿಮ್ಮ ಕೈಗೆ ಒಂದು ಪ್ರಶ್ನಾವಳಿ ಬರುತ್ತದೆ. ಅಧ್ಯಾಪಕರ ವಿಷಯಜ್ಞಾನ ಹೇಗಿದೆ? ವಿವರಿಸುವ ಶಕ್ತಿ ಎಂಥದು? ಒಟ್ಟಾರೆ ಬೋಧನೆ ಹೇಗಿತ್ತು? ಪ್ರತಿ ಪ್ರಶ್ನೆಯ ಮುಂದೆ 1ರಿಂದ 5ರವರೆಗೆ ಅಂಕೆಗಳು. ನೀವು ಗುರುತು ಹಾಕಿ ಕೊಡುತ್ತೀರಿ. ಕೆಲವು ದಿನಗಳ ನಂತರ ಕಚೇರಿಯ ಕಂಪ್ಯೂಟರು ಎಲ್ಲವನ್ನೂ ಕೂಡಿಸಿ, ಭಾಗಿಸಿ, 3.87 ಎಂಬಂಥ ಒಂದು ಸಂಖ್ಯೆಯನ್ನು ಹೊರತರುತ್ತದೆ. ಅಲ್ಲಿಂದ ಮುಂದೆ ಅದು ಆ ಅಧ್ಯಾಪಕರ 'ಬೋಧನಾ ಗುಣಮಟ್ಟ' ಎನಿಸಿಕೊಳ್ಳುತ್ತದೆ.

ಯಾವುದೇ ಮಾಪಕ ಕೈಗೆ ಬಂದಾಗ ವಿಜ್ಞಾನದ ಓದುಗರಾದ ನಾವು ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಇದು ಅಳೆಯುತ್ತಿರುವುದು ಏನನ್ನು? ಉಷ್ಣಮಾಪಕಕ್ಕೆ, ತಕ್ಕಡಿಗೆ ಕೇಳುವ ಈ ಪ್ರಶ್ನೆಯನ್ನು ಈ ಹಾಳೆಗೂ ಕೇಳಲೇಬೇಕು. ಏಕೆಂದರೆ ಇದರ ಫಲಿತಾಂಶದ ಮೇಲೆ ಒಬ್ಬರ ಬಡ್ತಿ ಅಥವಾ ಮುಂದಿನ ವರ್ಷದ ಕೆಲಸ ನಿಲ್ಲಬಹುದು. ನಿಮ್ಮ ಕಲಿಕೆಯೂ ಅದರಿಂದ ಬದಲಾಗಬಹುದು.

ಇದು ಹೊಸ ಪದ್ಧತಿಯೇನಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಹರ್ಮನ್ ರೆಮ್ಮರ್ಸ್ ಮತ್ತು ಸಂಗಡಿಗರು 1920ರ ದಶಕದಲ್ಲೇ ಅಧ್ಯಾಪಕರನ್ನು ಕುರಿತ ಇಂಥ ಮಾನಕವೊಂದನ್ನು ರೂಪಿಸಿದ್ದರು. ಅಂದಿನಿಂದ ಇದರ ಮೇಲೆ ನಡೆದಷ್ಟು ಸಂಶೋಧನೆ ಉನ್ನತ ಶಿಕ್ಷಣದ ಬೇರೆ ಕೆಲವೇ ವಿಷಯಗಳ ಮೇಲೆ ನಡೆದಿದೆ.

ಸರಾಸರಿಯ ತೊಡಕು

ಮೊದಲು ಲೆಕ್ಕವನ್ನೇ ನೋಡೋಣ. 40 ವಿದ್ಯಾರ್ಥಿಗಳ ಒಂದು ತರಗತಿಯಲ್ಲಿ ಎಲ್ಲರೂ 3 ಎಂದು ಗುರುತಿಸಿದರು. ಇನ್ನೊಂದು ತರಗತಿಯಲ್ಲಿ 20 ಮಂದಿ 5, ಉಳಿದ 20 ಮಂದಿ 1 ಎಂದರು. ಎರಡರ ಸರಾಸರಿಯೂ 3. ಮೊದಲನೆಯವರು ಎಲ್ಲರಿಗೂ ಸಾಧಾರಣ. ಎರಡನೆಯವರು ಅರ್ಧ ತರಗತಿಗೆ ಅತ್ಯುತ್ತಮ, ಇನ್ನರ್ಧಕ್ಕೆ ಅರ್ಥವೇ ಆಗದವರು. ಇವರಿಬ್ಬರಿಗೂ ಬೇಕಾದ ಸಲಹೆ ಒಂದೇ ಆಗಲಾರದು. ಸರಾಸರಿ ಈ ಭೇದವನ್ನು ಅಳಿಸಿಹಾಕುತ್ತದೆ.

ಇನ್ನೊಂದು ತೊಡಕೂ ಇದೆ. 1, 2, 3 ಎಂಬುವು ಇಲ್ಲಿ ಕ್ರಮವನ್ನಷ್ಟೇ ಸೂಚಿಸುತ್ತವೆ. 'ಸಾಧಾರಣ'ದಿಂದ 'ಉತ್ತಮ'ಕ್ಕೆ ಇರುವ ದೂರವೂ 'ಉತ್ತಮ'ದಿಂದ 'ಅತ್ಯುತ್ತಮ'ಕ್ಕೆ ಇರುವ ದೂರವೂ ಸಮ ಎಂದು ಯಾರೂ ಅಳೆದಿಲ್ಲ. ಸಮದೂರವಿಲ್ಲದ ಗುರುತುಗಳನ್ನು ಕೂಡಿಸಿ ದಶಮಾಂಶದ ಎರಡು ಸ್ಥಾನಗಳವರೆಗೆ ಭಾಗಿಸುವುದು ನಿಖರತೆಯ ಭ್ರಮೆ.

ಉತ್ತರಿಸಿದವರ ಸಂಖ್ಯೆಯನ್ನೂ ಗಮನಿಸಿ. 60 ಮಂದಿಯಲ್ಲಿ 12 ಮಂದಿ ಮಾತ್ರ ಉತ್ತರಿಸಿದರೆಂದು ಇಟ್ಟುಕೊಳ್ಳಿ. ಅವರಲ್ಲಿ ಇಬ್ಬರು 4ರ ಬದಲು 1 ಎಂದು ಗುರುತಿಸಿದರೆ ಸಾಕು, ಸರಾಸರಿ 0.5ರಷ್ಟು ಕುಸಿಯುತ್ತದೆ. ಹೀಗಿರುವಾಗ 3.87 ಮತ್ತು 3.92ರ ನಡುವೆ ಮೇಲು-ಕೀಳು ನಿರ್ಧರಿಸುವುದಕ್ಕೆ ಯಾವ ಆಧಾರವಿದೆ?

ಅಂಕಕ್ಕೂ ಕಲಿಕೆಗೂ ನಂಟಿದೆಯೇ?

ಲೆಕ್ಕದ ದೋಷವನ್ನು ತಿದ್ದಬಹುದು. ಮೂಲ ಪ್ರಶ್ನೆ ಅದಕ್ಕಿಂತ ಗಂಭೀರವಾದುದು. ಹೆಚ್ಚು ಅಂಕ ಪಡೆದ ಅಧ್ಯಾಪಕರ ಬಳಿ ವಿದ್ಯಾರ್ಥಿಗಳು ಹೆಚ್ಚು ಕಲಿಯುತ್ತಾರೆಯೇ?

ಇದನ್ನು ಪರೀಕ್ಷಿಸುವ ವಿಧಾನ ಸರಳ. ಒಂದೇ ಪಠ್ಯವನ್ನು ಹಲವು ವಿಭಾಗಗಳಿಗೆ ಬೇರೆ ಬೇರೆ ಅಧ್ಯಾಪಕರು ಬೋಧಿಸಬೇಕು. ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ. ಅಧ್ಯಾಪಕರು ಪಡೆದ ಅಂಕವನ್ನೂ ಅವರ ವಿಭಾಗದ ಪರೀಕ್ಷಾ ಸರಾಸರಿಯನ್ನೂ ಹೋಲಿಸಿ ನೋಡಬೇಕು. 1981ರಲ್ಲಿ ಪೀಟರ್ ಕೊಹೆನ್ ಇಂಥ 41 ಅಧ್ಯಯನಗಳನ್ನು ಒಟ್ಟುಗೂಡಿಸಿ, ಇವೆರಡರ ನಡುವಿನ ಸಹಸಂಬಂಧ ಗುಣಾಂಕ 0.43 ಎಂದು ಪ್ರಕಟಿಸಿದರು. ಪ್ರಶ್ನಾವಳಿಯನ್ನು ಸಮರ್ಥಿಸುವವರು ದಶಕಗಳ ಕಾಲ ನೆಚ್ಚಿಕೊಂಡದ್ದು ಈ ಸಂಖ್ಯೆಯನ್ನು. ಇದನ್ನು ಒಪ್ಪಿದರೂ, 0.43ರ ವರ್ಗ ಸುಮಾರು 0.18. ಎಂದರೆ ವಿಭಾಗಗಳ ಫಲಿತಾಂಶಗಳ ವ್ಯತ್ಯಾಸದಲ್ಲಿ ಐದನೆಯ ಒಂದು ಭಾಗವನ್ನೂ ಈ ಅಂಕಗಳು ವಿವರಿಸುವುದಿಲ್ಲ.

2017ರಲ್ಲಿ ಬಾಬ್ ಉಟ್ಲ್ ಮತ್ತು ಸಂಗಡಿಗರು ಹಳೆಯ ದತ್ತಾಂಶಗಳನ್ನು ಮತ್ತೆ ಕೆದಕಿದರು. ಹೆಚ್ಚಿನ ಸಹಸಂಬಂಧ ತೋರಿಸಿದ್ದು ಬಹುತೇಕ ಕೆಲವೇ ವಿಭಾಗಗಳಿದ್ದ ಚಿಕ್ಕ ಅಧ್ಯಯನಗಳು. ದೊಡ್ಡ ಅಧ್ಯಯನಗಳಿಗೆ ಸಲ್ಲಬೇಕಾದ ತೂಕ ಕೊಟ್ಟು, ವಿದ್ಯಾರ್ಥಿಗಳಿಗೆ ಮೊದಲೇ ಇದ್ದ ಜ್ಞಾನವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಸಹಸಂಬಂಧ ಸೊನ್ನೆಯ ಹತ್ತಿರಕ್ಕೆ ಇಳಿಯಿತು.

ವಾಯುಪಡೆ ಅಕಾಡೆಮಿಯ ಪಾಠ

ಇನ್ನೂ ಚಕಿತಗೊಳಿಸುವ ಫಲಿತಾಂಶ ಅಮೆರಿಕದ ವಾಯುಪಡೆ ಅಕಾಡೆಮಿಯಿಂದ ಬಂತು. ಅಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರನ್ನು ಆರಿಸಿಕೊಳ್ಳುವಂತಿಲ್ಲ. ಯಾರು ಯಾವ ವಿಭಾಗಕ್ಕೆ ಎಂಬುದು ಯಾದೃಚ್ಛಿಕವಾಗಿ ನಿರ್ಧಾರವಾಗುತ್ತದೆ. ಪಠ್ಯವೂ ಪರೀಕ್ಷೆಯೂ ಎಲ್ಲ ವಿಭಾಗಗಳಿಗೆ ಒಂದೇ. ಮುಂದಿನ ಹಂತದ ಗಣಿತ, ವಿಜ್ಞಾನ ಪಠ್ಯಗಳೂ ಕಡ್ಡಾಯ. ಹೀಗಾಗಿ 'ಜಾಣರೆಲ್ಲ ಒಬ್ಬರ ತರಗತಿಗೇ ಸೇರಿಬಿಟ್ಟರು' ಎಂಬ ಆಕ್ಷೇಪಕ್ಕೆ ಎಡೆಯಿಲ್ಲ.

ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಎಂಬ ಅರ್ಥಶಾಸ್ತ್ರಜ್ಞರು 2000ರಿಂದ 2007ರವರೆಗಿನ 10,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆಗಳನ್ನು ಪರಿಶೀಲಿಸಿ 2010ರಲ್ಲಿ ವರದಿ ಪ್ರಕಟಿಸಿದರು. ಪ್ರಾರಂಭಿಕ ಕಲನಶಾಸ್ತ್ರದಲ್ಲಿ ಕಡಮೆ ಅನುಭವದ ಅಧ್ಯಾಪಕರ ವಿದ್ಯಾರ್ಥಿಗಳು ಆ ಪಠ್ಯದ ಪರೀಕ್ಷೆಯಲ್ಲಿ ಹೆಚ್ಚು ಅಂಕ ಗಳಿಸಿದ್ದರು. ಅದೇ ವಿದ್ಯಾರ್ಥಿಗಳು ಮುಂದಿನ ಹಂತದ ಪಠ್ಯಗಳಲ್ಲಿ ಹಿಂದೆ ಬಿದ್ದರು. ಅನುಭವಿಗಳ ವಿದ್ಯಾರ್ಥಿಗಳ ಕಥೆ ಇದಕ್ಕೆ ತಿರುವುಮುರುವು. ಹಿಮ್ಮಾಹಿತಿಯ ಅಂಕಗಳು ಯಾವ ಕಡೆಗಿದ್ದವು? ತತ್ಕಾಲದ ಫಲಿತಾಂಶ ಹೆಚ್ಚಿಸಿದವರಿಗೆ ವಿದ್ಯಾರ್ಥಿಗಳು ಹೆಚ್ಚು ಅಂಕ ಕೊಟ್ಟಿದ್ದರು. ಮುಂದಿನ ಹಂತಕ್ಕೆ ಭದ್ರ ಬುನಾದಿ ಹಾಕಿಕೊಟ್ಟವರಿಗೆ ಕಡಮೆ ಕೊಟ್ಟಿದ್ದರು.

ಕಾರಣವನ್ನು ಊಹಿಸುವುದು ಕಷ್ಟವಲ್ಲ. ಪರೀಕ್ಷೆಗೆ ಬರುವುದನ್ನಷ್ಟೇ ಅಚ್ಚುಕಟ್ಟಾಗಿ ತಿದ್ದಿಸಿದರೆ ದಾರಿ ಸಲೀಸು. 'ಇದು ಏಕೆ ಹೀಗೆ?' ಎಂದು ಕೆಣಕುವ ಅಧ್ಯಾಪಕರ ಪಾಠ ಆ ಕ್ಷಣಕ್ಕೆ ತ್ರಾಸದಾಯಕ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನೇ ಬೆಂಬಲಿಸುತ್ತದೆ. ತಾವೇ ಸಮಸ್ಯೆ ಬಿಡಿಸುತ್ತ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಗಳಿಸಿದರು, ಆದರೆ ತಾವು ಕಲಿತದ್ದು ಕಡಮೆ ಎಂದು ಭಾವಿಸಿದರು. ನಿರರ್ಗಳ ಉಪನ್ಯಾಸ ಕೇಳಿದವರ ಅನಿಸಿಕೆ ಇದಕ್ಕೆ ವಿರುದ್ಧವಾಗಿತ್ತು.

ಈ ಚರ್ಚೆಯಲ್ಲಿ 'ಡಾಕ್ಟರ್ ಫಾಕ್ಸ್' ಪ್ರಯೋಗದ ಹೆಸರೂ ಕೇಳಿಬರುತ್ತದೆ. ವೃತ್ತಿನಟನೊಬ್ಬ ತಜ್ಞನ ವೇಷದಲ್ಲಿ ಅರ್ಥಹೀನ ಉಪನ್ಯಾಸ ನೀಡಿ ಶ್ರೋತೃಗಳ ಮೆಚ್ಚುಗೆ ಗಳಿಸಿದ ಕಥೆ ಅದು, ಪ್ರಕಟವಾದದ್ದು 1973ರಲ್ಲಿ. ಸ್ವಾರಸ್ಯಕರವೇನೋ ನಿಜ, ಆದರೆ ಅದರಿಂದ ಹೆಚ್ಚಿನ ತೀರ್ಮಾನ ಸಲ್ಲದು. ಅಲ್ಲಿ ನಡೆದದ್ದು ಒಂದೇ ಉಪನ್ಯಾಸ, ಕೇಳುಗರು ಏನು ಕಲಿತರೆಂದು ಪರೀಕ್ಷಿಸಿರಲಿಲ್ಲ. ವಾಯುಪಡೆ ಅಕಾಡೆಮಿಯ ದಾಖಲೆಗಳು ಇದಕ್ಕಿಂತ ಎಷ್ಟೋ ಗಟ್ಟಿ.

ವಿಶೇಷಣ ಬೇಡ, ಸಂಗತಿ ಕೇಳಿ

ಹಾಗಾದರೆ ವಿದ್ಯಾರ್ಥಿಗಳ ಮಾತಿಗೆ ಬೆಲೆಯಿಲ್ಲವೇ? ಖಂಡಿತ ಇದೆ. ತರಗತಿಯಲ್ಲಿ ದಿನವೂ ಕುಳಿತಿರುವ ಸಾಕ್ಷಿ ಅವರೊಬ್ಬರೇ. ಧ್ವನಿ ಹಿಂದಿನ ಬೆಂಚಿಗೆ ಕೇಳಿಸಿತೇ, ಪ್ರಯೋಗಾಲಯ ನಡೆಯಿತೇ, ಪ್ರಶ್ನೆ ಕೇಳಿದವರನ್ನು ಗದರಿಸಿ ಕೂರಿಸಿದರೇ ಎಂಬುದು ಅವರಿಗಲ್ಲದೆ ಮತ್ತಾರಿಗೆ ಗೊತ್ತು? ಸಾಕ್ಷಿಯನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸಿರುವುದೇ ಈ ಪದ್ಧತಿಯ ದೋಷ.

ಸಾಕ್ಷ್ಯವನ್ನಾದರೂ ಹೇಗೆ ಕೇಳಬೇಕೆಂಬುದು ಮುಖ್ಯ. ಅಮೆರಿಕದಲ್ಲಿ ಅಂತರ್ಜಾಲದ ಮೂಲಕ ನಡೆದ ಒಂದು ಪಠ್ಯದಲ್ಲಿ ಒಬ್ಬ ಪುರುಷ, ಒಬ್ಬ ಮಹಿಳೆ ಎರಡೆರಡು ಗುಂಪುಗಳಿಗೆ ಬೋಧಿಸಿದರು. ಇಬ್ಬರೂ ಒಂದು ಗುಂಪಿಗೆ ಸ್ವಂತ ಹೆಸರಿನಲ್ಲಿ, ಇನ್ನೊಂದಕ್ಕೆ ಪರಸ್ಪರರ ಹೆಸರಿನಲ್ಲಿ ಕಾಣಿಸಿಕೊಂಡರು. ತಿದ್ದಿದ ಉತ್ತರಗಳನ್ನು ಎಲ್ಲ ಗುಂಪುಗಳಿಗೂ ಒಂದೇ ಸಮಯಕ್ಕೆ ಹಿಂದಿರುಗಿಸಿದರು. ಆದರೂ 'ಸಮಯಪಾಲನೆ'ಗೆ ಪುರುಷನ ಹೆಸರಿಗೆ 4.35, ಮಹಿಳೆಯ ಹೆಸರಿಗೆ 3.55 ಅಂಕ ಬಂತು. 2015ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿದ್ದವರು 43 ವಿದ್ಯಾರ್ಥಿಗಳಷ್ಟೇ. ಇದೊಂದರಿಂದಲೇ ಲೋಕನಿಯಮ ಹೇಳಲಾಗದು. ಎಚ್ಚರಿಕೆಯನ್ನಂತೂ ಇದು ಕೊಡುತ್ತದೆ. ಕಣ್ಣಿಗೆ ಕಾಣುವ ಸಂಗತಿಯನ್ನೂ 'ಉತ್ತಮ, ಸಾಧಾರಣ' ಎಂಬ ವಿಶೇಷಣಗಳಲ್ಲಿ ಕೇಳಿದರೆ ಪೂರ್ವಗ್ರಹ ನುಸುಳುತ್ತದೆ. 'ಎಷ್ಟು ದಿನಗಳಲ್ಲಿ ಹಿಂದಿರುಗಿಸಿದರು?' ಎಂದು ಕೇಳಿದರೆ ಅದಕ್ಕೆ ಜಾಗ ಕಿರಿದಾಗುತ್ತದೆ.

ಈ ಅಳತೆಗೋಲಿನಿಂದ ನಮ್ಮ ದೇಶದ ಪ್ರಶ್ನಾವಳಿಯನ್ನು ನೋಡೋಣ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು, ಅಂದರೆ ನ್ಯಾಕ್, 2017ರ ತನ್ನ ಪರಿಷ್ಕೃತ ಚೌಕಟ್ಟಿನಲ್ಲಿ 'ವಿದ್ಯಾರ್ಥಿ ತೃಪ್ತಿ ಸಮೀಕ್ಷೆ'ಯನ್ನು ಸೇರಿಸಿತು. ಅದರ ಮೊದಲ ಪ್ರಶ್ನೆ, ಪಠ್ಯಕ್ರಮದಲ್ಲಿ ಶೇಕಡ ಎಷ್ಟು ತರಗತಿಯಲ್ಲಿ ಮುಗಿಯಿತು ಎಂಬುದು. ನಿಯೋಜಿತ ಕಾರ್ಯದಲ್ಲಿ ನಿಮ್ಮ ಸಾಧನೆಯನ್ನು ನಿಮ್ಮೊಡನೆ ಚರ್ಚಿಸಿದರೇ ಎಂಬ ಪ್ರಶ್ನೆಯೂ ಇದೆ. ಇವು ಸಾಕ್ಷಿಗೆ ಕೇಳತಕ್ಕ ಪ್ರಶ್ನೆಗಳು, ಮೆಚ್ಚತಕ್ಕವು. ಅಧ್ಯಾಪಕರು ತರಗತಿಗೆ ಎಷ್ಟು ಚೆನ್ನಾಗಿ ಸಿದ್ಧರಾಗಿ ಬಂದರು ಎಂಬುದು ಬೇರೆ ಜಾತಿಯದು. ಸಿದ್ಧತೆ ನಡೆಯುವುದು ವಿದ್ಯಾರ್ಥಿಯ ಕಣ್ಣಿಗೆ ಬೀಳದ ಕಡೆ. ಎರಡು ಬಗೆಯ ಉತ್ತರಗಳನ್ನೂ ಒಂದೇ ಅಂಕವಾಗಿ ಕಲಸಿದಾಗ ಒಳ್ಳೆಯ ಪ್ರಶ್ನೆಗಳ ಬೆಲೆಯೂ ಹೋಗುತ್ತದೆ. ಈ ಸಮೀಕ್ಷೆ ಸಂಸ್ಥೆಯ ಅಂಕಕ್ಕಾಗಿ ಇರುವುದು, ವ್ಯಕ್ತಿಯ ಅಂಕಕ್ಕಲ್ಲ ಎಂಬುದನ್ನೂ ಹೇಳಬೇಕು. ಕಾಲೇಜುಗಳು ತಾವೇ ನಡೆಸುವ ಹಿಮ್ಮಾಹಿತಿಯಲ್ಲಿ ಈ ಗೆರೆ ಅಳಿಸದಂತೆ ನೋಡಿಕೊಳ್ಳಬೇಕು. ಅವಧಿ ಮುಗಿದೊಡನೆ ಮರುನೇಮಕಕ್ಕೆ ಕಾಯಬೇಕಾದ ಅತಿಥಿ ಉಪನ್ಯಾಸಕರಿಗೆ ಇದು ಜೀವನೋಪಾಯದ ಪ್ರಶ್ನೆ. ಅಂಕಕ್ಕೆ ಅಂಜುವ ಅಧ್ಯಾಪಕರು ಕಠಿಣ ಅಧ್ಯಾಯವನ್ನು ತೇಲಿಸಿಬಿಟ್ಟರೆ ನಷ್ಟ ವಿದ್ಯಾರ್ಥಿಗೆ.

ಮುಂದಿನ ದಾರಿ

ಟೊರಾಂಟೊದ ರೈಯರ್ಸನ್ ವಿಶ್ವವಿದ್ಯಾಲಯದಲ್ಲಿ (2022ರಿಂದ ಟೊರಾಂಟೊ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯ) ಈ ವಿವಾದ ಮಧ್ಯಸ್ಥಿಕೆಯವರೆಗೂ ಹೋಯಿತು. ಬಡ್ತಿ ಮತ್ತು ಕಾಯಂ ನೇಮಕಾತಿಗೆ ಬೋಧನೆಯ ಪರಿಣಾಮವನ್ನು ಅಳೆಯಲು ಈ ಅಂಕಗಳನ್ನು ಬಳಸಬಾರದೆಂದು 2018ರಲ್ಲಿ ತೀರ್ಪು ಬಂತು. ವಿದ್ಯಾರ್ಥಿಗಳ ಅನುಭವ ತಿಳಿಯಲು ಅವು ಉಪಯುಕ್ತ ಎಂಬುದನ್ನು ಮಧ್ಯಸ್ಥರು ಒಪ್ಪಿದರು.

ನಮ್ಮ ಕಾಲೇಜುಗಳೂ ಈ ದಾರಿಯಲ್ಲಿ ನಡೆಯಬಹುದು. ಇದಕ್ಕೆ ಹಣ ಬೇಕಿಲ್ಲ. ಸರಾಸರಿಯ ಬದಲು ಯಾವ ಉತ್ತರವನ್ನು ಎಷ್ಟು ಮಂದಿ ಆರಿಸಿದರೆಂಬ ಪಟ್ಟಿ ಕೊಡಲಿ, ಜೊತೆಗೆ ಉತ್ತರಿಸದವರ ಸಂಖ್ಯೆಯೂ ಇರಲಿ. ಪ್ರಶ್ನಾವಳಿಯನ್ನು ಸೆಮಿಸ್ಟರಿನ ನಡುವೆಯೇ ಹಂಚಲಿ. ಆಗ ತಪ್ಪಿದ್ದರೆ ತಿದ್ದಿಕೊಳ್ಳಲು ಸಮಯವಿರುತ್ತದೆ, ಲಾಭ ಉತ್ತರ ಬರೆದ ವಿದ್ಯಾರ್ಥಿಗೇ ಸಿಗುತ್ತದೆ. ಬೋಧನೆಯ ತೂಕ ನೋಡಬೇಕಾದವರು ಅದೇ ವಿಷಯದ ಸಹೋದ್ಯೋಗಿಗಳು. ಅವರು ತರಗತಿಯಲ್ಲಿ ಕುಳಿತು ಕೇಳಲಿ, ಪ್ರಶ್ನೆಪತ್ರಿಕೆಗಳನ್ನೂ ತಿದ್ದಿದ ಉತ್ತರಪತ್ರಿಕೆಗಳನ್ನೂ ನೋಡಲಿ, ಮುಂದಿನ ಹಂತದಲ್ಲಿ ಆ ವಿದ್ಯಾರ್ಥಿಗಳು ಹೇಗಿದ್ದಾರೆಂದು ವಿಚಾರಿಸಲಿ.

ನೀವು ವಿದ್ಯಾರ್ಥಿಯಾಗಿದ್ದರೆ ಮುಂದಿನ ಬಾರಿ ಆ ಹಾಳೆ ಬಂದಾಗ ಅಂಕೆಗಳನ್ನು ದಾಟಿ ಕೊನೆಯ ಖಾಲಿ ಜಾಗಕ್ಕೆ ಹೋಗಿ. ಯಾವ ಅಧ್ಯಾಯ ಅರ್ಥವಾಗಲಿಲ್ಲ, ಯಾವ ಪ್ರಯೋಗ ನಡೆಯಲಿಲ್ಲ, ಯಾವ ಉದಾಹರಣೆಯಿಂದ ವಿಷಯ ತಿಳಿಯಾಯಿತು ಎಂದು ಎರಡು ವಾಕ್ಯ ಬರೆಯಿರಿ. ಒಳ್ಳೆಯ ಅಧ್ಯಾಪಕರು ಮರುವರ್ಷ ಪಾಠ ತಿದ್ದಿಕೊಳ್ಳಲು ಬಳಸುವುದು ಆ ಎರಡು ವಾಕ್ಯಗಳನ್ನು.